ಅಮ್ಮನ ಉಸಿರು

ಅಮ್ಮನ ಕತ್ತಿನ ಗಂಟು ನಮಗೆ ಹಳೆಯದು. ನೋವಿಲ್ಲ, ರಕ್ತಪರೀಕ್ಷೆಯಲ್ಲೂ ಥೈರಾಯ್ಡ್ ಸರಿಯಿದೆ ಎಂದು ಸುಮ್ಮನಿದ್ದೆವು. ಅಂಗಾತ ಮಲಗಿದರೆ ಉಸಿರುಗಟ್ಟುತ್ತದೆಂದು ಅವರು ಗೋಡೆಗೊರಗಿ ರಾತ್ರಿ ಕಳೆಯತೊಡಗಿದಾಗ ಉಬ್ಬಸವೆಂದುಕೊಂಡೆವು. ಕೊನೆಗೊಬ್ಬ ವೈದ್ಯರು ಎರಡೂ ಕೈ ಮೇಲೆತ್ತಿ ಹಿಡಿಯಲು ಹೇಳಿದರು. ನಿಮಿಷದೊಳಗೆ ಅಮ್ಮನ ಮುಖ ಕೆಂಪೇರಿತು, ಏದುಸಿರು ಬಂತು. ಸಿ.ಟಿ. ಸ್ಕ್ಯಾನ್‌ನಲ್ಲಿ ವಿಷಯ ತಿಳಿಯಿತು: ಗ್ರಂಥಿ ಬೆಳೆದು ಎದೆಮೂಳೆಯ ಹಿಂದಕ್ಕೆ ಇಳಿದಿತ್ತು. ಸುತ್ತ ಎಲುಬಿರುವ ಆ ಇಕ್ಕಟ್ಟಿನಲ್ಲಿ ಅದು ಶ್ವಾಸನಾಳವನ್ನೇ ಒತ್ತಿತ್ತು.

ಎದೆ ಸೀಳಬೇಕೇನೋ ಎಂದು ಹೆದರಿದೆವು. ಹೆಚ್ಚಿನವರಲ್ಲಿ ಕತ್ತಿನ ಮೂಲಕವೇ ತೆಗೆಯಬಹುದು ಎಂದರು, ಹಾಗೆಯೇ ಆಯಿತು. ಈಗ ದಿನವೂ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಮಾತ್ರೆ. ರಾತ್ರಿ ಅಂಗಾತ ಮಲಗಿ ನೆಮ್ಮದಿಯ ನಿದ್ರೆ. ಕಣ್ಣಿಗೆ ಕಂಡ ಗಂಟನ್ನಷ್ಟೇ ನೋಡುತ್ತಿದ್ದ ನಾವು, ಅಮ್ಮ ಹೇಳುತ್ತಿದ್ದುದನ್ನು ಕೇಳಿರಲಿಲ್ಲ.