ಗುಲಾಬಿ ಬಟ್ಟಲಲ್ಲಿ ಹೊಸ ವರ್ಷ

ಡಿಸೆಂಬರ್ 31ರ ರಾತ್ರಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ ಕೊಲರಾಡೊ ಬುಲೆವಾರ್ಡ್‌ನಲ್ಲಿ, ಹೊಸ ವರ್ಷದ ಬೆಳಗಿನ ಮೆರವಣಿಗೆ ನೋಡಲು ಊರಿಗೆ ಊರೇ ಫುಟ್‌ಪಾತ್ ಮೇಲಿರುತ್ತದೆ. ಮೈಸೂರಿನಲ್ಲಿ ಜಂಬೂ ಸವಾರಿಗೆ ಜಾಗ ಹಿಡಿದು ಕೂರುವ ಜನರ ಹಾಗೆಯೇ. ವ್ಯತ್ಯಾಸ ಇಷ್ಟೇ, ಇವರು ಹಾಸಿಗೆ, ರಗ್ಗು, ಒಲೆ ಸಮೇತ ಹಿಂದಿನ ದಿನ ಮಧ್ಯಾಹ್ನವೇ ಬಂದು ಬೀಡುಬಿಡುತ್ತಾರೆ. ರಸ್ತೆಯ ಅಂಚಿನಲ್ಲಿ ಒಂದು ನೀಲಿ ಗೆರೆ ಇದೆ. ರಾತ್ರಿ ಹನ್ನೊಂದಾದ ಮೇಲೆ ಆ ಗೆರೆಯವರೆಗೂ ಮುಂದಕ್ಕೆ ಬರಬಹುದು, ಅದನ್ನು ದಾಟುವ ಹಾಗಿಲ್ಲ. ಬೇಜಾರು ಕಳೆಯಲು ಹುಡುಗರು ಹೋಗಿಬರುವ ಕಾರುಗಳ ಮೇಲೆ ಟೋರ್ಟಿಯಾ ರೊಟ್ಟಿ ಎಸೆಯುತ್ತಾರೆ. ಕಾನೂನು ಬೇಡ ಅನ್ನುತ್ತದೆ, ಸಂಪ್ರದಾಯ ಕೇಳುವುದಿಲ್ಲ. ನಮ್ಮ ಬಾಡಿಗೆ ಕಾರಿನ ಗಾಜಿಗೂ ಒಂದು ಬಂದು ಅಂಟಿತು. ಮಗಳು ವೈಪರ್ ಹಾಕಿದಳು. ರೊಟ್ಟಿ ಎಡಕ್ಕೂ ಬಲಕ್ಕೂ ಓಡಾಡಿತೇ ಹೊರತು ಬಿಡಲಿಲ್ಲ.

ನಾವಿರುವುದು ಡೆಟ್ರಾಯಿಟ್ ಪಕ್ಕದಲ್ಲಿ. ಕಾರು ಕಂಪನಿಗಳ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡದವರು ಆ ಸೀಮೆಯಲ್ಲಿ ಸಾಕಷ್ಟಿದ್ದಾರೆ. ಮಗಳು ಆನ್ ಆರ್ಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಸೇರಿದ್ದೇ ನೆಪವಾಗಿ ನನಗೂ ಅಲ್ಲಿನ ಕಾಲೇಜು ಆಟವೊಂದರ ಹುಚ್ಚು ಹತ್ತಿತು. ಆ ಊರಿನ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ, ಕಾಲೇಜು ಹುಡುಗರ ಆಟ ನೋಡಲು! ಆಟದ ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಕೆಲಸ ಕಡಿಮೆ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೇ ಎಸೆಯಬೇಕು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಇಷ್ಟು ಗೊತ್ತಿದ್ದರೆ ಕಿರುಚಲು ಸಾಕು. ಉಳಿದದ್ದನ್ನು ಪಕ್ಕದ ಸೀಟಿನವರು ಹೇಳಿಕೊಡುತ್ತಾರೆ, ಕೇಳದಿದ್ದರೂ.

ಋತು ಮುಗಿದ ಮೇಲೆ ಗೆದ್ದ ತಂಡಗಳನ್ನು ದೂರದ, ಬೆಚ್ಚಗಿನ ಊರುಗಳಿಗೆ ಕರೆದು ಆಡಿಸುವ ಪಂದ್ಯಗಳಿಗೆ ಬೌಲ್ ಗೇಮ್ ಅನ್ನುತ್ತಾರೆ. ಈಗ ಅಂಥವು ಹತ್ತಾರಿವೆ, ಎಲ್ಲಕ್ಕೂ ಹಿರಿಯದು ರೋಸ್ ಬೌಲ್. 1902ರ ಹೊಸ ವರ್ಷದ ದಿನ ಅದರ ಮೊದಲ ಪಂದ್ಯಕ್ಕೆ ರೈಲು ಹತ್ತಿ ಬಂದದ್ದು ನಮ್ಮ ಮಿಷಿಗನ್ ತಂಡವೇ. ಬಂದವರು ಸ್ಟ್ಯಾನ್‌ಫರ್ಡ್ ತಂಡವನ್ನು 49-0ರಿಂದ ಎಷ್ಟು ಬಡಿದರೆಂದರೆ, ಇನ್ನೂ ಎಂಟು ನಿಮಿಷ ಇರುವಾಗಲೇ ಸ್ಟ್ಯಾನ್‌ಫರ್ಡ್‌ನವರು ಸಾಕಪ್ಪಾ ಸಾಕು ಎಂದು ಕೈಚೆಲ್ಲಿದರು. ಸಂಘಟಕರಿಗೂ ಆಟದ ಮೇಲೆ ಮನಸ್ಸು ಮುರಿಯಿತು. ಫುಟ್‌ಬಾಲ್ ಬಿಟ್ಟು ರೋಮನ್ನರ ಕಾಲದ ರಥಗಳ ಓಟ ಇಟ್ಟರು, ಉಷ್ಟ್ರಪಕ್ಷಿಗಳನ್ನೂ ಓಡಿಸಿದರು. ಫುಟ್‌ಬಾಲ್ ಮರಳಿ ಬಂದದ್ದು 1916ರಲ್ಲಿ.

2024ರ ಜನವರಿ 1ರಂದು ಮಿಷಿಗನ್ ಎದುರಿಗೆ ಅಲಬಾಮಾ. ಗೆದ್ದವರು ರಾಷ್ಟ್ರೀಯ ಫೈನಲ್‌ಗೆ. ನಮ್ಮವರು ಆ ಋತುವಿನಲ್ಲಿ ಒಂದೂ ಸೋತಿರಲಿಲ್ಲ, ಆದರೆ ರೋಸ್ ಬೌಲ್ ಗೆದ್ದು 26 ವರ್ಷ ಕಳೆದಿತ್ತು. ಟಿಕೆಟ್ಟಿಗೆ ಕೊಟ್ಟ ದುಡ್ಡನ್ನು ಮನೆಯವರಿಗೆ ನಾನು ಪೂರ್ತಿ ಹೇಳಿಲ್ಲ.

ಬೆಳಿಗ್ಗೆ ಎಂಟಕ್ಕೆ ಮೆರವಣಿಗೆ. ಇದು 1890ರಿಂದ ನಡೆದುಬಂದದ್ದು, ಆಟಕ್ಕಿಂತ ಹಳೆಯದು. ಕ್ಯಾಲಿಫೋರ್ನಿಯಾದ ನಡುಚಳಿಗಾಲದಲ್ಲಿ ಹೂವು ಅರಳುತ್ತದೆ ಎಂದು ಹಿಮದಲ್ಲಿ ಹೂತಿರುವ ಉಳಿದ ಅಮೆರಿಕಕ್ಕೆ ತೋರಿಸಿ ಹೊಟ್ಟೆ ಉರಿಸುವ ಉಪಾಯ ಅದು. ಮಿಷಿಗನ್ನಿನ ಹಿಮದಿಂದ ಬಂದ ನನ್ನ ಮಟ್ಟಿಗೆ ಉಪಾಯ ಈಗಲೂ ಫಲಿಸುತ್ತದೆ. ಸ್ತಬ್ಧಚಿತ್ರಗಳಿಗೆ ಒಂದೇ ನಿಯಮ: ಕಣ್ಣಿಗೆ ಕಾಣುವ ಪ್ರತಿ ಅಂಗುಲವನ್ನೂ ಹೂವು, ಎಲೆ, ತೊಗಟೆ, ಕಾಳು, ಬೀಜಗಳಿಂದಲೇ ಮುಚ್ಚಬೇಕು. ಒಂದು ವಾಹನ ನಮ್ಮೆದುರು ಸ್ವಲ್ಪ ಹೊತ್ತು ನಿಂತಿತು. ದೂರದಿಂದ ಕಪ್ಪು ಬಣ್ಣ ಬಳಿದಂತೆ ಕಂಡದ್ದು ಒಂದೊಂದಾಗಿ ಅಂಟಿಸಿದ ಬೀಜ, ಬಿಳಿ ಕಂಡದ್ದು ಕೊಬ್ಬರಿ ತುರಿ. ಅಷ್ಟು ಕೊಬ್ಬರಿ ಯಾರು ತುರಿದರೋ ಎಂಬ ಯೋಚನೆ ನನಗೆ.

ಎರಡೂ ವಿಶ್ವವಿದ್ಯಾಲಯಗಳ ಬ್ಯಾಂಡಿನವರು ಈ ಮೆರವಣಿಗೆಯಲ್ಲಿ ಐದೂವರೆ ಮೈಲಿ ಬಾರಿಸಿಕೊಂಡು ನಡೆಯುತ್ತಾರೆ. ಮಧ್ಯಾಹ್ನ ಅದೇ ತುಟಿ, ಅದೇ ಕಾಲುಗಳಲ್ಲಿ ಸ್ಟೇಡಿಯಂಗೂ ಬಂದು ನುಡಿಸುತ್ತಾರೆ. ಆಟಗಾರರನ್ನು ಹೊಗಳಲು ಇಡೀ ದೇಶವೇ ಇದೆ. ನಾನು ಕೈ ಮುಗಿದದ್ದು ಭಾರದ ಸೂಸಫೋನ್ ವಾದ್ಯ ಹೊತ್ತು ಬೆವರುತ್ತಿದ್ದ ಒಬ್ಬ ಪೀಚಲು ಹುಡುಗಿಗೆ.

ಸ್ಟೇಡಿಯಂ ಇರುವುದು ಅರೋಯೊ ಸೆಕೊ ಎಂಬ ಒಣ ಹಳ್ಳದ ಕಣಿವೆಯಲ್ಲಿ. ಊರಿನಿಂದ ಇಳಿಜಾರು ಹಿಡಿದು ನಡೆದರೆ ಪಕ್ಕದ ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಸಾವಿರಾರು ಕಾರು. ಎಲ್ಲದರ ಡಿಕ್ಕಿಯೂ ತೆರೆದು, ಹೊಗೆ, ಮಾಂಸ ಸುಡುವ ವಾಸನೆ, ಬಿಯರ್. ಇಲ್ಲಿ ಗುರುತು ಪರಿಚಯ ಬೇಕಿಲ್ಲ. ನೀಲಿ ಅಂಗಿಯವರು ಕಂಡರೆ ‘ಗೋ ಬ್ಲೂ’, ಕಡುಗೆಂಪಿನವರು ಕಂಡರೆ ‘ರೋಲ್ ಟೈಡ್’. ಅಲಬಾಮಾದಿಂದ ಬಂದ ಅಜ್ಜ ಒಬ್ಬರು ನನ್ನ ನೀಲಿ ಸ್ವೆಟರ್ ನೋಡಿ, “ಪಾಪ, ಸೋಲೋದಕ್ಕೆ ಇಷ್ಟು ದೂರ ಬಂದಿದೀಯಲ್ಲಮ್ಮಾ” ಎಂಬರ್ಥದ್ದೇನೋ ಹೇಳಿ ಒಂದು ಬಟ್ಟಲು ಮುಂದೆ ಹಿಡಿದರು. ಒಳಗೆ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ! ಅವರ ಸೀಮೆಯ ಕಡೆ ಅದನ್ನು ಬೆಳೆಯುತ್ತಾರಂತೆ, ಹೀಗೇ ಬೇಯಿಸುತ್ತಾರಂತೆ. ಸಿಪ್ಪೆ ಒತ್ತಿದರೆ ಬಿಸಿ ಉಪ್ಪುನೀರು ಚಿಮ್ಮಿತು. ವೈರಿ ಪಾಳೆಯದ ಉಪ್ಪು ತಿಂದಾಯಿತಲ್ಲ ಎಂದು ಮಗಳು ರೇಗಿಸಿದಳು. ನಾನು ಇನ್ನೊಂದು ಹಿಡಿ ತೆಗೆದುಕೊಂಡೆ.

ಈ ಸ್ಟೇಡಿಯಂ ಕಟ್ಟಿದ್ದು 1922ರಲ್ಲಿ. ಮರುವರ್ಷದ ಮೊದಲ ದಿನ ಇಲ್ಲಿ ನಡೆದ ಮೊದಲ ರೋಸ್ ಬೌಲ್‌ಗೆ ಪೆನ್ ಸ್ಟೇಟ್ ತಂಡ ಮೆರವಣಿಗೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ತಡವಾಗಿ ಬಂತು. ಎರಡೂ ಕೋಚ್‌ಗಳು ಕೈಕೈ ಮಿಲಾಯಿಸುವ ಹಂತಕ್ಕೆ ಹೋದರು, ಆಟ ಮುಗಿಯುವಾಗ ಬೆಳದಿಂಗಳು. ಭಾರತದಲ್ಲಿರುವ ನಮ್ಮವರಿಗೆ ಈ ಅಂಗಳ ಬೇರೆ ಕಾರಣಕ್ಕೆ ನೆನಪಿರಬೇಕು: 1994ರ ಸಾಕರ್ ವಿಶ್ವಕಪ್ ಫೈನಲ್‌ನಲ್ಲಿ ಇಟಲಿಯ ಬ್ಯಾಜಿಯೊ ಪೆನಾಲ್ಟಿಯನ್ನು ಗೋಲಿನ ಮೇಲಕ್ಕೆ ಹೊಡೆದು ತಲೆ ತಗ್ಗಿಸಿ ನಿಂತದ್ದು ಇಲ್ಲೇ.

ಮೈದಾನ ಹೊರಗಿನ ನೆಲಮಟ್ಟಕ್ಕಿಂತ ಆಳದಲ್ಲಿದೆ. ಹಾಗಾಗಿ ಒಳಗೆ ಹೋಗಲು ಮೆಟ್ಟಿಲು ಹತ್ತಬೇಕಿಲ್ಲ, ಇಕ್ಕಟ್ಟಾದ ಸುರಂಗದಲ್ಲಿ ನಡೆಯಬೇಕು. ತಗ್ಗು ಸೂರು, ಮಂದ ಬೆಳಕು, ಹಿಂದಿನವರ ಉಸಿರು ಕತ್ತಿಗೆ ತಾಗುತ್ತದೆ. ಹತ್ತಾರು ಹೆಜ್ಜೆಯ ಆಚೆ ಎಲ್ಲವೂ ಒಮ್ಮೆಲೇ ತೆರೆದುಕೊಂಡಿತು. ಕಾಲ ಕೆಳಗೆ ಹಸಿರು, ಅದರ ನಟ್ಟನಡುವೆ ಕೆಂಪು ಗುಲಾಬಿಯ ಚಿತ್ರ, ಅರ್ಧ ಬಟ್ಟಲು ನೀಲಿ, ಅರ್ಧ ಕೆಂಪು, ಅಂಚಿನ ಮೇಲೆ ಸ್ಯಾನ್ ಗೇಬ್ರಿಯಲ್ ಪರ್ವತಗಳ ಸಾಲು. ಟಿವಿಯಲ್ಲಿ ಆ ಬೆಟ್ಟಗಳು ಹಿನ್ನೆಲೆಯ ಪರದೆಯಂತೆ ಕಾಣುತ್ತವೆ. ಇಲ್ಲಿ ಅವು ಮೇಲಿನ ಸಾಲಿನ ಸೀಟಿನಲ್ಲಿ ಕೂತಿವೆ. ಹಿಂದಿನವರು ತಳ್ಳುವವರೆಗೂ ಅಲ್ಲೇ ನಿಂತಿದ್ದೆ.

ಮೊದಲರ್ಧದಲ್ಲಿ ನಮ್ಮವರು ಅಲಬಾಮಾದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜೇಲನ್ ಮಿಲ್ರೋನನ್ನು ಉಸಿರಾಡಲು ಬಿಡಲಿಲ್ಲ. ಮುಗಿದಾಗ 13-10 ನಮ್ಮ ಕಡೆ. ಆಮೇಲೆ ಗ್ರಹಣ ಹಿಡಿಯಿತು. ನಮ್ಮ ಗ್ರಹಣ ನಡೆದಿರುವಾಗಲೇ ಅತ್ತ ಆಕಾಶದಲ್ಲಿ ಸಂಜೆ ಶುರುವಾಗಿತ್ತು. ಆ ದಿನ ಆಟ ಆರಂಭವಾದದ್ದು ಮಧ್ಯಾಹ್ನ ಎರಡರ ಸುಮಾರಿಗೆ, ಜನವರಿಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ಐದಕ್ಕೂ ಮುಂಚೆ. ಬೆಟ್ಟಗಳು ಮೊದಲು ಕಂದು, ಆಮೇಲೆ ತಾಮ್ರ, ಆಮೇಲೆ ಗುಲಾಬಿ. ಕಣಿವೆಗೆ ಕತ್ತಲಿಳಿದರೂ ತುದಿಗಳು ಮಾತ್ರ ಉರಿಯುತ್ತಿದ್ದವು. ಇದು ತಾನಾಗಿ ಒದಗಿದ ಭಾಗ್ಯವಲ್ಲ. ಆ ದಿನ, ಆ ಹೊತ್ತು ನಮ್ಮದೇ ಎಂದು ರೋಸ್ ಬೌಲ್‌ನವರು ವರ್ಷಗಟ್ಟಲೆ ಹಟ ಹಿಡಿದಿದ್ದರು. ರಾಷ್ಟ್ರೀಯ ಪ್ಲೇಆಫ್ ದೊಡ್ಡದಾಗಿಸುವ ಮಾತುಕತೆಯಲ್ಲೂ ಅದನ್ನು ಬಿಟ್ಟುಕೊಡಲು 2022ರ ಕೊನೆಯವರೆಗೆ ಹಿಂದೆಮುಂದೆ ನೋಡಿದರು. ಹೊರಗಿನವರಿಗೆ ಅದು ಜಂಬವೆನ್ನಿಸಿತು. ಆ ಸಂಜೆ ಅಲ್ಲಿ ಕೂತಿದ್ದ ನನಗೆ ಅನ್ನಿಸಲಿಲ್ಲ. ಜಾಹೀರಾತಿನ ಸದ್ದು, ಕೋಟ್ಯಂತರ ಡಾಲರ್ ಸಂಬಳದ ಕೋಚ್‌ಗಳು, ಎಲ್ಲವೂ ಆ ಬೆಳಕಿನ ಮುಂದೆ ಸಣ್ಣದಾದವು. ಇಲ್ಲಿಗೆ ಜನ ಬರುವುದು ಆಟಕ್ಕೆಂದು, ನಿಜ. ಆದರೆ ಇದೇ ಆಟ ಮುಚ್ಚಿದ ಸೂರಿನಡಿ ನಡೆದಿದ್ದರೆ ನಾನಂತೂ ವಿಮಾನ ಹತ್ತುತ್ತಿರಲಿಲ್ಲ.

“ಅಮ್ಮಾ, ಬೆಟ್ಟ ಆಮೇಲೆ ನೋಡು!” ಮಗಳು ನನ್ನ ತೋಳು ಹಿಡಿದು ಅಲುಗಾಡಿಸಿದಳು. 20-13, ನಾವು ಹಿಂದೆ. ಇನ್ನು ನಾಲ್ಕು ನಿಮಿಷವೂ ಉಳಿದಿಲ್ಲ. ನಾಲ್ಕನೆಯ ಅವಕಾಶ, ಎರಡು ಗಜ ಬೇಕು, ತಪ್ಪಿದರೆ ಕಥೆ ಮುಗಿಯಿತು. ನಮ್ಮ ಕ್ವಾರ್ಟರ್‌ಬ್ಯಾಕ್ ಮೆಕಾರ್ಥಿ ಎಸೆದ ಚೆಂಡನ್ನು ಬ್ಲೇಕ್ ಕೋರಮ್ ಹಿಡಿದು ಓಡಿದ. ಒಂದು ನಿಮಿಷ 34 ಸೆಕೆಂಡ್ ಇರುವಾಗ ನಮ್ಮ ರೋಮನ್ ವಿಲ್ಸನ್ ಚೆಂಡನ್ನು ಗೋಲ್ ಗೆರೆ ದಾಟಿಸಿ ಟಚ್‌ಡೌನ್ ಹೊಡೆದ, 20-20. ಅಷ್ಟರಲ್ಲಿ ಇನ್ನೊಂದು ಗಂಡಾಂತರ. ಕೊನೆಯ ಕ್ಷಣಗಳಲ್ಲಿ ಅಲಬಾಮಾ ಒದ್ದ ಚೆಂಡು ನಮ್ಮ ಹುಡುಗನ ಕೈಜಾರಿ ನಮ್ಮದೇ ಗೋಲ್ ಗೆರೆಯ ಹತ್ತಿರ ಉರುಳಿತು. ಅವನು ಅದರ ಮೇಲೆ ಬಿದ್ದು ಹೇಗೋ ಉಳಿಸಿಕೊಂಡ. ಅವನನ್ನು ನೋಡಿ ಹಳೆಯ ಕಥೆಯೊಂದು ನೆನಪಾಯಿತು: 1929ರಲ್ಲಿ ಇದೇ ಹುಲ್ಲಿನ ಮೇಲೆ ಕ್ಯಾಲಿಫೋರ್ನಿಯಾ ತಂಡದ ರಾಯ್ ರೀಗಲ್ಸ್ ಚೆಂಡು ಹಿಡಿದು ದಿಕ್ಕು ತಪ್ಪಿ ತನ್ನದೇ ಗೋಲಿನ ಕಡೆ ಓಡಿದ್ದ. ಆ ಪಂದ್ಯವನ್ನು ಅವನ ತಂಡ 8-7ರಿಂದ ಸೋತಿತು, ಜನ ಅವನನ್ನು ಸಾಯುವವರೆಗೂ ‘ರಾಂಗ್ ವೇ’ ಎಂದೇ ಕರೆದರು. ಇಪ್ಪತ್ತರ ಹುಡುಗರ ಹೆಗಲಿಗೆ ಇಷ್ಟು ಜನರ ಆಸೆ ಹೇರುವ ನಮ್ಮನ್ನು ಏನೆನ್ನಬೇಕೋ. ಹಾಗೆಂದುಕೊಳ್ಳುತ್ತಲೇ ನಾನೂ ಕಿರುಚುತ್ತಿದ್ದೆ.

ಹೆಚ್ಚುವರಿ ಆಟದಲ್ಲಿ ಇಬ್ಬರಿಗೂ 25 ಗಜದ ಗೆರೆಯಿಂದ ಒಂದೊಂದು ಸರದಿ. ಕೋರಮ್ ಎರಡೇ ಓಟದಲ್ಲಿ ಮುಗಿಸಿದ. ಎರಡನೆಯದರಲ್ಲಿ ಒಬ್ಬನಿಂದ ನುಣುಚಿಕೊಂಡು 17 ಗಜ ನುಗ್ಗಿದ. ಅಲಬಾಮಾ ಉತ್ತರಿಸುತ್ತಾ ಗೋಲ್‌ನಿಂದ ಮೂರು ಗಜದವರೆಗೆ ಬಂತು. ನಾಲ್ಕನೆಯ ಅವಕಾಶ. ಮಿಲ್ರೋ ಚೆಂಡು ಹಿಡಿದು ನೇರ ಗುಂಪಿನೊಳಗೆ ನುಗ್ಗಿದ. ದೇಹಗಳ ರಾಶಿ ಬಿದ್ದಿತು. ನನಗೆ ಏನೂ ಕಾಣಲಿಲ್ಲ, ಮಗಳ ಕೂಗು ಕೇಳಿತು ಅಷ್ಟೇ. 27-20. ಹಿಂದಿನ ಸಾಲಿನ ದೈತ್ಯನಂಥ ಗಂಡಸು ನನ್ನನ್ನೂ ಮಗಳನ್ನೂ ಒಟ್ಟಿಗೆ ಅಪ್ಪಿಕೊಂಡು ಗಳಗಳ ಅತ್ತ. ಅವನು ಯಾರೋ, ನಾವು ಯಾರೋ. 1898ರಲ್ಲಿ ಒಬ್ಬ ವಿದ್ಯಾರ್ಥಿ ಕಟ್ಟಿದ ಮಿಷಿಗನ್ನಿನ ಗೆಲುವಿನ ಹಾಡನ್ನು ಬ್ಯಾಂಡ್ ಬಿಡದೆ ನುಡಿಸುತ್ತಿತ್ತು, ಬೆಳಿಗ್ಗೆಯಿಂದ ದುಡಿದ ಅದೇ ತುಟಿಗಳು.

ವಾಪಸು ದಾರಿಯೆಲ್ಲ ಏರು. ಕೆಂಪು ಅಂಗಿಯವರು ತಲೆಬಾಗಿಸಿ ನಡೆಯುತ್ತಿದ್ದರೂ, “ಹೋಗಿ, ಫೈನಲ್ಲೂ ಗೆಲ್ಲಿ” ಎಂದವರು ಅವರಲ್ಲಿ ಅನೇಕರಿದ್ದರು. ಅವರ ಕೋಚ್ ನಿಕ್ ಸೇಬನ್‌ಗೆ ಅದೇ ಕೊನೆಯ ಪಂದ್ಯವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ವಾರವೇ ನಿವೃತ್ತಿ ಘೋಷಿಸಿದರು. ಬಸ್ಸಿನ ಸಾಲು ಊರುದ್ದ ಇತ್ತು. ಮಗಳು ಆಗಲೇ ಫೋನಿನಲ್ಲಿ ಮುಳುಗಿದ್ದಳು. ಫೈನಲ್ ಜನವರಿ 8ಕ್ಕೆ, ಹ್ಯೂಸ್ಟನ್‌ನಲ್ಲಿ.

“ಅಮ್ಮಾ, ಟಿಕೆಟ್ ರೇಟ್ ನೋಡಿದ್ಯಾ?”

“ನೋಡಲ್ಲ. ನಿಮ್ಮಪ್ಪಂಗೆ ಫೋನ್ ಮಾಡು. ಮೊದಲು ಗೆದ್ವಿ ಅಂತ ಹೇಳು, ಆಮೇಲೆ ರೇಟ್ ಹೇಳು.”