ಚೌಕಿಯ ಎಣ್ಣೆ

ಪುತ್ತೂರು, ಸುಳ್ಯ, ಕಡಬಗಳ ವಾಚಕರು ಆಟದ ಬಣ್ಣದ ವೇಷವನ್ನು ಬಲ್ಲರಷ್ಟೆ. ಆ ಬಣ್ಣದ ಕೆಳಗಣ ಚರ್ಮವನ್ನು ನೆನೆವವರು ವಿರಳ. ತೆಂಕುತಿಟ್ಟಿನ ರಾಕ್ಷಸವೇಷಕ್ಕೆ ಅಕ್ಕಿಹಿಟ್ಟು ಸುಣ್ಣಗಳನ್ನು ಕಲಸಿ ಗಂಟೆಗಟ್ಟಲೆ ಚಿಟ್ಟಿಯಿಡುವರು. ಸುಣ್ಣವೋ ಸುಡುವ ವಸ್ತು. ಭೂತಕೋಲದ ಮುಖಕ್ಕೆ ಹಚ್ಚುತ್ತ ಬಂದ ಹಳದಿಯ ಅರದಾಳವಂತೂ ಗಂಧಕದೊಡನೆ ಕೂಡಿದ ಆರ್ಸೆನಿಕ್ ವಿಷವೇ ಸರಿ. (ಅಂದವೆಂಬುದು ಎಷ್ಟು ದುಬಾರಿ!) ನಾನು ಚೌಕಿಯಲ್ಲಿ ಕಂಡ ಹಿರಿಯ ವೇಷಧಾರಿಗಳು ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರದೆ ಬಣ್ಣ ಮುಟ್ಟರು, ಬೆಳಗಾದಾಗ ಅದೇ ಎಣ್ಣೆಯಿಂದ ಬಣ್ಣವನ್ನು ಕರಗಿಸಿ, ಮೆತ್ತನೆಯ ಬಟ್ಟೆಯಿಂದ ಒರಸಿದ ಬಳಿಕವೇ ನೀರು. ಹುಡುಗರಾದರೋ ನಿದ್ದೆಗಣ್ಣಿನಲ್ಲಿ ಸಾಬೂನು ಹಿಡಿದು ಉಜ್ಜುತ್ತಾರೆ. ಮೊದಲ ವರ್ಷವೇ ಇದನ್ನು ಹೇಳುವವರು ತನಗಿರಲಿಲ್ಲವೆಂದು ವೃದ್ಧರೊಬ್ಬರು ಕೆನ್ನೆಯ ಕಲೆಯನ್ನು ತೋರಿಸಿ ನಕ್ಕರು. ಬಳಿಕ ಎಣ್ಣೆಯ ಕುಪ್ಪಿಯನ್ನು ಪಕ್ಕದ ಬಾಲಗೋಪಾಲನತ್ತ ಸರಿಸಿದರು.