ಎರೆನಾಡಿನ ಮಾಳಿಗೆಯಲ್ಲಿ ಇಬ್ಬನಿಯ ಗಿಡ

ದಾವಣಗೆರೆಯೆಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಬೆಣ್ಣೆದೋಸೆಯ ಕಾವಲಿ, ಮಂಡಕ್ಕಿ–ಮೆಣಸಿನಕಾಯಿಯ ಅಂಗಡಿ, ಒಂದು ಕಾಲದಲ್ಲಿ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದನ್ನು ತಂದುಕೊಟ್ಟ ಹತ್ತಿಯ ಗಿರಣಿಗಳು. ಊರಿನ ಸುತ್ತ ಎರೆಯ ಹೊಲಗಳು. ಭದ್ರಾ ನಾಲೆಯ ನೀರು ಹರಿದಲ್ಲೆಲ್ಲ ಬತ್ತದ ಹಸುರು. ವರ್ಷದ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು. ಏಪ್ರಿಲ್ ತಿಂಗಳ ಬಿಸಿಲಂತೂ ನೆತ್ತಿಯನ್ನು ಸುಡುವಂಥದು. ಇಂತಹ ಊರಿನ ಮಾಳಿಗೆಯ ಮೇಲೆ, ಮುಗಿಲು ಮುಟ್ಟುವ ಗಿರಿಗಳ ಹುಲ್ಲಿನಲ್ಲಿ ಹುಟ್ಟಿ ಬೆಳೆಯುವ ಒಂದು ಸುಕುಮಾರ ಸಸ್ಯವನ್ನು ಉಳಿಸಿಕೊಳ್ಳಲು ಸಾಧ್ಯವೇ? ಸಾಧ್ಯವುಂಟು. ಆದರೆ ಅದಕ್ಕೆ ಬೇಕಾದುದು ದುಡ್ಡಿಗಿಂತ ಹೆಚ್ಚಾಗಿ ತಾಳ್ಮೆ.

ಆ ಸಸ್ಯದ ಶಾಸ್ತ್ರೀಯ ನಾಮ ಡ್ರೊಸೆರಾ ಪೆಲ್ಟೇಟಾ. ‘ಡ್ರೊಸೆರಾ’ ಎಂಬುದರ ಮೂಲ ಇಬ್ಬನಿಯೆಂಬ ಅರ್ಥದ ಗ್ರೀಕ್ ಪದ. ಆದುದರಿಂದ ಕನ್ನಡದಲ್ಲಿ ಇದನ್ನು ಇಬ್ಬನಿಯ ಗಿಡವೆಂದರೆ ತಪ್ಪಾಗದು. ಗೇಣುದ್ದದ ತೆಳುವಾದ ಕಾಂಡ. ಅದರ ಮೇಲೆ ಅರ್ಧಚಂದ್ರಾಕಾರದ ಪುಟ್ಟ ಎಲೆಗಳು. ಪ್ರತಿಯೊಂದು ಎಲೆಯ ಅಂಚಿನಲ್ಲಿಯೂ ಕೂದಲಿನಂತಹ ಕರಗಳು. ಒಂದೊಂದು ಕರದ ತುದಿಯಲ್ಲಿ ಒಂದೊಂದು ಹನಿ. ನಡುಹಗಲಿನ ಬಿಸಿಲಿಗೂ ಆರದ ಈ ಹನಿ ನೀರಲ್ಲ, ಅಂಟು. ಅದರ ಹೊಳಪಿಗೆ ಮರುಳಾಗಿ ಬಂದು ಕುಳಿತ ಸೊಳ್ಳೆಯೋ ನುಸಿಯೋ ಮರಳಿ ಹಾರಲಾರದು. ಸುತ್ತಲಿನ ಕರಗಳು ಮೆಲ್ಲಮೆಲ್ಲನೆ ಬಾಗಿ ಅದನ್ನು ಅಪ್ಪುತ್ತವೆ. ಗ್ರಂಥಿಗಳಿಂದ ಒಸರುವ ರಸ ಕೀಟದ ಮೆದು ಅಂಗಗಳನ್ನು ಕರಗಿಸುತ್ತದೆ. ಸಾರಜನಕವಿಲ್ಲದ ಬಡಮಣ್ಣಿನಲ್ಲಿ ಬಾಳುವ ಗಿಡ ತನಗೆ ಬೇಕಾದ ಪುಷ್ಟಿಯನ್ನು ಹೀಗೆ ಗಾಳಿಯಿಂದ ಬೇಟೆಯಾಡಿ ಪಡೆಯುತ್ತದೆ. ಚಾರ್ಲ್ಸ್ ಡಾರ್ವಿನ್ ಇದೇ ಕುಲದ ಗಿಡಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, 1875ರಲ್ಲಿ ಕೀಟಾಹಾರಿ ಸಸ್ಯಗಳನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು.

ನಮ್ಮ ದೇಶದಲ್ಲಿ ಡ್ರೊಸೆರಾ ಕುಲದ ಮುಖ್ಯ ಬಗೆಗಳು ಮೂರು. ಅವುಗಳಲ್ಲಿ ಡ್ರೊಸೆರಾ ಇಂಡಿಕಾ ಮತ್ತು ಡ್ರೊಸೆರಾ ಬರ್ಮಾನಿ ಎಂಬೆರಡು ತಗ್ಗಿನ ತೇವದ ನೆಲಗಳಲ್ಲಿ ಮಳೆಗಾಲಕ್ಕೆ ಮೊಳೆತು, ಬೀಜವುದುರಿಸಿ ಬಾಳು ಮುಗಿಸುತ್ತವೆ. ಮೂರನೆಯದಾದ ಪೆಲ್ಟೇಟಾಕ್ಕೆ ಮಾತ್ರ ನೆಲದೊಳಗೆ ಒಂದು ಗುಟ್ಟುಂಟು: ಕಡಲೆಕಾಳಿಗಿಂತ ಚಿಕ್ಕದಾದ ಒಂದು ಗಡ್ಡೆ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಹುಲ್ಲುಗಾವಲುಗಳು ಇದರ ತವರು.

ದಾವಣಗೆರೆಯಿಂದ 14 ಕಿಲೋಮೀಟರ್ ದೂರದ ಹರಿಹರಕ್ಕೆ ಹೋಗಿ ತುಂಗಭದ್ರೆಯ ದಡದಲ್ಲಿ ನಿಂತವರಿಗೆ ಆ ತವರು ಅಷ್ಟೇನೂ ದೂರವೆನಿಸದು. ಬಾಬಾಬುಡನ್‌ಗಿರಿಯ ಪಡುವಣ ಇಳಿಜಾರಿನ ತೊರೆಗಳು ಭದ್ರೆಯನ್ನು ಸೇರುತ್ತವೆ. ಭದ್ರೆ ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು ಹರಿಹರಕ್ಕೆ ಬರುತ್ತಾಳೆ. ಇಬ್ಬನಿಯ ಗಿಡದ ಬೇರನ್ನು ತೋಯಿಸಿದ ಮಳೆಯೇ ಇಲ್ಲಿನ ಸ್ನಾನಘಟ್ಟವನ್ನು ತೊಳೆಯುತ್ತದೆ. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯೊಳಗೆ, ಬಲಕ್ಕೆ ಹರನೂ ಎಡಕ್ಕೆ ಹರಿಯೂ ಆದ ಒಂದೇ ಮೂರ್ತಿ. ಪಾಲಕನೂ ಸಂಹಾರಕನೂ ಒಂದೇ ಮೈಯಲ್ಲಿ ನಿಂತಿರುವುದನ್ನು ಕಂಡ ಊರಿನವರಿಗೆ, ಹೂಬಿಡುವ ಗಿಡವೇ ಹುಳುವನ್ನು ಕೊಲ್ಲುವ ಸಂಗತಿ ಅಚ್ಚರಿಯಾದರೂ ಅಪರಿಚಿತವಲ್ಲ.

ಇಂತಹ ಗಿಡವನ್ನು ಮನೆಯಲ್ಲಿ ಸಾಕುವವರು ಮೊದಲು ಮರೆಯಬೇಕಾದುದು ತೋಟಗಾರಿಕೆಯ ರೂಢಿಯ ಜ್ಞಾನವನ್ನು. ಗೊಬ್ಬರ ಇದಕ್ಕೆ ವಿಷ. ಹತ್ತಿಯನ್ನೂ ಜೋಳವನ್ನೂ ಸಾಕುವ ಎರೆಮಣ್ಣು ಇದರ ಬೇರಿಗೆ ಆಗದು; ಅದರಲ್ಲಿ ಸುಣ್ಣದ ಅಂಶ ಹೆಚ್ಚು. ಚೆನ್ನಾಗಿ ತೊಳೆದ ಮರಳಿಗೆ, ಉಪ್ಪು ಹೋಗುವವರೆಗೆ ಮಳೆನೀರಿನಲ್ಲಿ ಹಲವು ಸಲ ಜಾಲಿಸಿದ ತೆಂಗಿನ ನಾರಿನ ಪುಡಿಯನ್ನು ಬೆರೆಸಿ, ಗೇಣು ಆಳದ ಕುಂಡದಲ್ಲಿ ತುಂಬಬೇಕು. ಗಡ್ಡೆ ಆಳಕ್ಕೆ ಇಳಿಯಬಯಸುತ್ತದೆ. ಕೊಳವೆಬಾವಿಯ ಗಡಸು ನೀರು ಕೂಡದು. ಮಾಳಿಗೆಯಿಂದ ಇಳಿಯುವ ಮಳೆನೀರನ್ನು ಪೀಪಾಯಿಯಲ್ಲಿ ಹಿಡಿದಿಟ್ಟು, ಕುಂಡದ ಕೆಳಗಿನ ತಟ್ಟೆಯಲ್ಲಿ ಅರ್ಧ ಅಂಗುಲದಷ್ಟು ನಿಲ್ಲಿಸಿದರೆ ಸಾಕು.

ಬೆಳಕಿನ ವಿಷಯದಲ್ಲಿ ಗಿಡ ಜಿಪುಣತನವನ್ನು ಸಹಿಸದು. ಬೆಳಕು ಸಾಲದಿದ್ದರೆ ಕಾಂಡ ಬಡಕಲಾಗಿ ಬಾಗುತ್ತದೆ. ಎಲೆಯ ಹನಿಗಳು ಬತ್ತುತ್ತವೆ. ಮೂಡಣ ದಿಕ್ಕಿನ ಜಗಲಿಯಲ್ಲಿ ನಾಲ್ಕೈದು ಗಂಟೆಗಳ ಎಳೆಬಿಸಿಲು ಸಿಕ್ಕರೆ ಉತ್ತಮ. ವಾರಗಟ್ಟಲೆ ಮೋಡ ಮುಸುಕಿದಾಗ ಎಲ್‌ಇಡಿ ದೀಪದ ಬೆಳಕು ನೆರವಾದೀತು. ಶಾಖವೇ ಕಠಿನವಾದ ಪ್ರಶ್ನೆ. ಗಿರಿಯ ತಂಪಿಗೆ ಒಗ್ಗಿದ ಗಿಡಕ್ಕೆ ದಾವಣಗೆರೆಯ ಜುಲೈ–ಆಗಸ್ಟ್ ತಿಂಗಳ 28 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಹಗಲು ಸಹ್ಯದ ಅಂಚು. ಇಲ್ಲಿ ನೆರವಿಗೆ ಬರುವುದು ನಮ್ಮ ಹಳೆಯ ಮಡಕೆಯ ವಿದ್ಯೆ: ದೊಡ್ಡ ಮಣ್ಣಿನ ಕುಂಡದಲ್ಲಿ ಒದ್ದೆ ಮರಳನ್ನು ತುಂಬಿ, ಗಿಡದ ಕುಂಡವನ್ನು ಅದರ ನಡುವೆ ಹೂಳಿಟ್ಟರೆ, ಒಸರಿದ ನೀರು ಆರುತ್ತ ಬೇರನ್ನು ತಂಪಾಗಿಡುತ್ತದೆ.

ನಿಜವಾದ ಪರೀಕ್ಷೆ ಬರುವುದು ಮಳೆಗಾಲ ಮುಗಿದ ಮೇಲೆ. ಮೃಗಶಿರಾ, ಆರಿದ್ರಾ ಮಳೆಗಳೊಡನೆ ಎದ್ದು, ಬಿಳಿಯ ಪುಟ್ಟ ಹೂಗಳನ್ನು ತಳೆದ ಗಿಡ, ಸ್ವಾತಿ ಮಳೆ ಕಳೆದು ಚಳಿ ಇಳಿಯುವ ವೇಳೆಗೆ ಕಂದುತ್ತದೆ, ಒಣಗುತ್ತದೆ, ಒಂದು ದಿನ ಮಣ್ಣಿನ ಮೇಲೆ ಏನೂ ಉಳಿಯುವುದಿಲ್ಲ. ಸಾಕಿದವರ ಮನಸ್ಸು ಮರುಗುವುದು ಸಹಜ. ಕೆಲವರು ಕುಂಡವನ್ನು ಬರಿದುಮಾಡುತ್ತಾರೆ. ಕೆಲವರು ಕನಿಕರದಿಂದ ದಿನವೂ ನೀರೆರೆಯುತ್ತಾರೆ. ಎರಡರ ಫಲವೂ ಒಂದೇ. ನೀರೆರೆದ ಕೈಯೇ ಗಡ್ಡೆಯನ್ನು ಕೊಳೆಸಿ ಕೊಲ್ಲುತ್ತದೆ. ಆಗ ಮಾಡತಕ್ಕುದು ಇಷ್ಟೇ: ನೀರನ್ನು ಕ್ರಮವಾಗಿ ತಗ್ಗಿಸಿ ನಿಲ್ಲಿಸುವುದು, ಕುಂಡವನ್ನು ನೆರಳಿನ ತಂಪಾದ ಮೂಲೆಯಲ್ಲಿಟ್ಟು ಮುಂದಿನ ಮುಂಗಾರಿನವರೆಗೆ ಸುಮ್ಮನಿರುವುದು. ಹೊರಗೆ ಬೇಸಗೆ ಧಗಧಗಿಸುವಾಗ ಒಳಗೆ ಗಡ್ಡೆ ನಿದ್ರಿಸುತ್ತದೆ. ಆಸ್ಟ್ರೇಲಿಯದ ಪಡುವಣ ಭಾಗದಲ್ಲಿ ಈ ಕುಲದ ಹತ್ತಾರು ಗಡ್ಡೆಯ ಬಗೆಗಳು ಒಣ ಬೇಸಗೆಯನ್ನು ಹೀಗೆಯೇ ದಾಟುತ್ತವೆ. ಆದರೆ ಅಲ್ಲಿ ಮಳೆ ಚಳಿಗಾಲದ್ದು, ಇಲ್ಲಿ ಮುಂಗಾರಿನದು. ಅಲ್ಲಿನ ಗಡ್ಡೆಯನ್ನು ತಂದು ಇಲ್ಲಿನ ಪಂಚಾಂಗಕ್ಕೆ ಕಟ್ಟಿಹಾಕಲಾಗದು.

ಗಿರಿಗೆ ಹೋಗಿ ಗಿಡವನ್ನೇ ಕಿತ್ತು ತರಬಾರದೇ ಎಂದು ಕೇಳುವವರುಂಟು. ಕೂಡದು. ಕಾಂಡವನ್ನು ಹಿಡಿದೆಳೆದರೆ ಗಡ್ಡೆ ನೆಲದಲ್ಲಿಯೇ ಉಳಿದು ಕೈಗೆ ಬರುವುದು ಸಾಯುವ ಹುಲ್ಲುಕಡ್ಡಿ. ಅಗೆದರೆ ಹುಲ್ಲುಗಾವಲಿಗೆ ಗಾಯ. ಸಾಕಿದ ಗಿಡದ ಬೀಜವನ್ನು ಪಡೆದು, ಹೂಳದೆ, ತೇವದ ಮಣ್ಣಿನ ಮೇಲೆ ಉದುರಿಸುವುದೇ ನೇರವಾದ ದಾರಿ. ಮೊದಲ ವರ್ಷವೇ ಹೂವನ್ನು ನಿರೀಕ್ಷಿಸಬಾರದು.

ಮರವಿಲ್ಲದ ಹುಲ್ಲುನೆಲವನ್ನು ಬರಡೆಂದು ಬಗೆಯುವ ರೂಢಿ ಹಳೆಯದು. ಹರಿಹರದ ಎದುರು ದಡದ ನಾರಿನ ಕಾರ್ಖಾನೆಗೆ ಮರವೊದಗಿಸಲು ಊರೂರಿನ ಸಾರ್ವಜನಿಕ ನೆಲಗಳಲ್ಲಿ ನೀಲಗಿರಿ ನೆಡಲು ತೊಡಗಿದಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮರಗಳ ಸಸಿಗಳನ್ನು ನೆಟ್ಟರು. ಬರಿದಾಗಿ ಕಾಣುವ ನೆಲ ಬರಿದಲ್ಲವೆಂದು ಅವರು ಬಲ್ಲರು. ಬೇಸಗೆಯ ಬಾಬಾಬುಡನ್‌ಗಿರಿಯೂ ಹಾಗೆಯೇ: ಒಣಹುಲ್ಲಿನ ಕೆಳಗೆ ಕಾಳಿನಂತಹ ಗಡ್ಡೆಗಳು ಮಲಗಿರುತ್ತವೆ. ದಾವಣಗೆರೆಯ ಮಾಳಿಗೆಯ ಒಣ ಕುಂಡವನ್ನು ಎಸೆಯದೆ ಕಾಯ್ದುಕೊಂಡವರಿಗೆ, ಮೃಗಶಿರಾ ಮಳೆಯ ಮರುವಾರ ಮರಳನ್ನು ಸೀಳಿ ಮೇಲೇಳುವ ಮೊಳಕೆ, ಆ ಗಿರಿಯ ನೆಲವನ್ನೂ ಹಾಗೆಯೇ ಕಾಯಬೇಕೆಂಬುದನ್ನು ತಿಳಿಸೀತು.